ಹಾಕದೆ ಬಿಟ್ಟ ಲಾಗ

ಕುಣಿತದ ಗಂಧಗಾಳಿ ಇಲ್ಲದವರು ಕುಣಿತದ ಕಥೆ ಹೇಳುವುದು ಉದ್ಧಟತನವೇ, ಬಲ್ಲವರು ಮನ್ನಿಸಬೇಕು.

ಗ್ರೇಟರ್ ನೋಯ್ಡಾದ ಕಾಲೇಜೊಂದರ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಕೆಲವರು ನಾರ್ದರ್ನ್ ಸೋಲ್ ಕುಣಿಯುತ್ತಿದ್ದರು. ಅಮೆರಿಕದ ಹಳೆಯ ಹಾಡುಗಳಿಗೆ ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ಹುಟ್ಟಿದ ಕುಣಿತವದು. ಜೋಡಿ ಬೇಕಿಲ್ಲ, ಪೌಡರ್ ಚೆಲ್ಲಿದ ನೆಲದ ಮೇಲೆ ಜಾರುವ ಹೆಜ್ಜೆ ಸಾಕು. ಆದರೆ ಸಂಶೋಧನಾ ವಿದ್ಯಾರ್ಥಿನಿ ಅಪೂರ್ವಳಿಗೆ ಅಲ್ಲಿ ಹೆಸರಿದ್ದದ್ದು ಹೆಜ್ಜೆಯಿಂದಲ್ಲ, ಲಾಗದಿಂದ. ಹಿಂದಕ್ಕೆ ಬಿದ್ದು, ಕೈಯೂರಿ, ತಾಳ ತಪ್ಪದೆ ಏಳುತ್ತಿದ್ದಳು. ಮಂಡಿಯ ಆಪರೇಷನ್ ಆದಮೇಲೆ ಇದೇ ಮೊದಲ ದಿನ. ಲಾಗವಿಲ್ಲದಿದ್ದರೆ ತಾನಿಲ್ಲಿ ಯಾರು ಎಂಬುದೇ ಅವಳ ಭಯ.

"ಡಾಕ್ಟರ್ ಓಕೆ ಅಂದ್ರಂತಲ್ಲಾ ಅಕ್ಕ, ಇವತ್ತು ಲಾಗ ಹಾಕ್ತೀರಾ?" ಎಂದ ಅವಳ ಲ್ಯಾಬಿನ ಗಗನ್. "ನಾವು ತಿಪ್ಪರಲಾಗ ಹಾಕಿದ್ರೂ ಯಾರೂ ನೋಡಲ್ಲ."

"ಅಚ್ಛಾ? ಮೂಗು ಒಡ್ಕೊಂಡ್ರೆ ನೋಡ್ತಾರೆ ಬಿಡು."

ಹಾಡು ಶುರುವಾಯಿತು. ಕಿಟಕಿಯ ಬಿಸಿಲಿನಲ್ಲಿ ಪೌಡರ್ ಮಂಜಿನಂತೆ ಎದ್ದಿತು. ಪಾದಗಳು ನೀರಿನ ಮೇಲೆ ಹೊರಟಂತೆ ತಾವೇ ಹೊರಟವು. ಅವಳು ಅವುಗಳ ಹಿಂದೆ ಹೋದಳು. ಡ್ರಮ್ ಒಂದು ಗಳಿಗೆ ನಿಂತಿತು. ಬೀಳಬೇಕಾದ ಗಳಿಗೆ ಅದು. ಸುತ್ತಲಿನವರು ಹಿಂದೆ ಸರಿದು ಜಾಗ ಬಿಟ್ಟರು. ಅವಳ ಬೆನ್ನು ತುಸು ಬಾಗಿತು. ಅಷ್ಟರಲ್ಲಿ ಎಡಪಾದ ಮೆಲ್ಲನೆ ಪಕ್ಕಕ್ಕೆ ಜಾರಿತು, ಬಲಪಾದ ಅದನ್ನು ಹಿಂಬಾಲಿಸಿತು, ಡ್ರಮ್ ಮತ್ತೆ ಬಂದಾಗ ಅವಳು ಇನ್ನೂ ಕುಣಿಯುತ್ತಲೇ ಇದ್ದಳು.

"ಅಕ್ಕ, ಹಾಡು ಮುಗೀತು," ಎಂದು ಗಗನ್ ಮೆಲ್ಲಗೆ ಹೇಳುವವರೆಗೂ ಅವಳು ನಿಲ್ಲಲಿಲ್ಲ.

ಲಾಗವನ್ನು ಹೆದರಿ ಬಿಟ್ಟಳೋ, ಬೇಡವೆನಿಸಿ ಬಿಟ್ಟಳೋ, ಅವಳಿಗೂ ತಿಳಿಯಲಿಲ್ಲ; ನಮಗಂತೂ ಗೊತ್ತಿಲ್ಲ.