ಗಂಗಾಥಾಲಿ ಒಡೆದ ದಿನ

ನಾನು ಒಂದು ಆಮೆ. ಕೆರೆಯಂಚಿನ ಮಣ್ಣಿನಲ್ಲಿ ಮೊಟ್ಟೆ ಒಡೆದು ಬಂದಾಗ ಅಡಿಕೆ ಹೋಳಿನಷ್ಟಿದ್ದೆ. ತಾಯಿಯನ್ನು ಕಂಡಿಲ್ಲ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಬಲೆ ಹಾಕುವವನೊಬ್ಬ ನನ್ನನ್ನು ಹಿಡಿದು ಧಾರವಾಡದ ಚಂಪೂಬಾಯಿಯವರ ಯಜಮಾನರಿಗೆ ಕೊಟ್ಟ. ಅವರು ಹಿತ್ತಲ ಬಾವಿಗೆ ಬಿಟ್ಟರು. ಹುಳು ತಿಂದು ನೀರನ್ನು ತಿಳಿಯಾಗಿಡುವುದು ನನ್ನ ನೌಕರಿ.

ಮೂವತ್ತು ವರ್ಷ ಮನುಷ್ಯರನ್ನು ಕೆಳಗಿನಿಂದಲೇ ನೋಡಿದೆ: ದುಂಡಗಿನ ಆಕಾಶ, ಅದರ ಅಂಚಿಗೊಂದು ಮುಖ, ಮುಖದ ಪಕ್ಕ ಕೊಡ. ನಾನು ಬಂದ ವರ್ಷವೇ ಯಜಮಾನರು ತೀರಿಕೊಂಡ ಮೇಲೆ ಚಂಪೂಬಾಯಿ ನೀರು ಸೇದುತ್ತ ಮನೆಯ ಸುದ್ದಿಯನ್ನೆಲ್ಲ ನನಗೇ ಹೇಳತೊಡಗಿದರು. ಗಂಗಾಥಾಲಿಯ ವಿಷಯ ತಿಳಿದದ್ದೂ ಹಾಗೆಯೇ. ಯಜಮಾನರು ಕಾಶಿಯಿಂದ ತಂದ, ಬೆಸುಗೆ ಹಾಕಿ ಮುಚ್ಚಿದ ಪುಟ್ಟ ತಾಮ್ರದ ಗಿಂಡಿ, ಒಳಗೆ ಗಂಗಾಜಲ. ಆಕೆಯ ಕೊನೆಯುಸಿರಿಗೆಂದು ಮೀಸಲು. ತನಗೆಂದು ಆಕೆ ತೆಗೆದಿಟ್ಟುಕೊಂಡದ್ದು ಅದೊಂದೇ.

ಒಂದು ಬೇಸಿಗೆ ಬಾವಿ ಬತ್ತಿತು. ಅಂಥ ಹೊತ್ತಿನಲ್ಲಿ ನಾವು ಕೆಸರಿಗಿಳಿದು, ತಲೆ ಕಾಲು ಒಳಗೆಳೆದು, ಉಸಿರನ್ನೂ ಮಿತವಾಗಿ ಬಳಸಿ ಮಳೆಗೆ ಕಾಯುತ್ತೇವೆ. ಕಾದೆ. ಹೂಳು ತೆಗೆಯಲು ಬಂದ ದ್ಯಾಮಪ್ಪ ನನ್ನನ್ನೂ ಬುಟ್ಟಿಯಲ್ಲಿ ಮೇಲೆ ತಂದ.

ಚಂಪೂಬಾಯಿಯವರ ಮೈದುನ ವೆಂಕೋಬರಾಯರು ನಿವೃತ್ತ ಕಂಪೌಂಡರ್. ಓಣಿಯಲ್ಲಿ ಯಾರೇ ಸತ್ತರೂ ಡಾಕ್ಟರಿಗಿಂತ ಮೊದಲು ಅವರು ಹೇಳಬೇಕು. ನನ್ನ ಮುಂದೆ ಕನ್ನಡಿ ಹಿಡಿದರು, ಮಸುಕಾಗಲಿಲ್ಲ. ನಾಡಿ ಹುಡುಕಿದರು, ಅದು ಎಲ್ಲಿದೆಯೆಂದು ತಿಳಿಯುವ ಕುತೂಹಲ ನನಗೂ ಇತ್ತು.

"ಹೋಗೇದ, ವೈನಿ."

"ಸತ್ತದ್ದು ನಾರತೈತ್ರಿ," ಎಂದ ದ್ಯಾಮಪ್ಪ. "ಇದು ನಾರವಲ್ದು. ನಾಕ್ ದಿನ ನೆರಳಾಗ ಇಡ್ರಿ."

"ಮೂವತ್ತೆರಡು ವರ್ಷ ಸರ್ವಿಸ್ ನಂದು!"

"ಅದರಾಗ ಆಮಿ ಎಷ್ಟು ನೋಡೀಯೋ, ವೆಂಕೂ?" ಎಂದರು ಚಂಪೂಬಾಯಿ.

"ಸತ್ತದ್ದು ಸತ್ತದ್ದ, ವೈನಿ. ಆಮಿ ಇರಲಿ, ಮಾಮ್ಲೇದಾರ ಇರಲಿ."

ಆಮೆ ಕೂರ್ಮಾವತಾರ, ಎಸೆಯುವಂತಿಲ್ಲ, ದಹನವೇ ಆಗಬೇಕೆಂದು ರಾಯರು ತೀರ್ಮಾನಿಸಿದರು. ಸಗಣಿಯ ಕುಳ್ಳು ಜೋಡಿಸಿ ನನ್ನನ್ನು ಮೇಲಿಟ್ಟರು. ತಲೆ ದಕ್ಷಿಣಕ್ಕಿರಬೇಕು, ತಲೆ ಯಾವ ಕಡೆ ಎಂಬ ಚರ್ಚೆ ಸ್ವಲ್ಪ ನಡೆಯಿತು. ಎಲ್ಲವೂ ಕೇಳಿಸುತ್ತಿತ್ತು. ಆದರೆ ಆ ನಿದ್ದೆಯಿಂದ ಏಳುವುದು ನಮ್ಮ ಕೈಯಲ್ಲಿಲ್ಲ, ನೀರಿನ ಕೈಯಲ್ಲಿದೆ. ಕಡ್ಡಿ ಗೀರಿದ ಸದ್ದಾಯಿತು.

"ತಡಿ. ಬಾಯಾಗ ಗಂಗಿ ಬಿಡದ ಹ್ಯಾಂಗ ಕಳಸೂದು?"

"ಅದು ನಿಮಗಂತ ಇಟ್ಟದ್ದು, ವೈನಿ! ಇನ್ನೊಂದು ಎಲ್ಲಿಂದ ತರ್ಲಿ?"

"ಮೂವತ್ತು ವರ್ಷ ಅದು ನನ್ನ ಮಾತು ಕೇಳ್ಯದ. ನೀ ಮೂರು ನಿಮಿಷ ಕೇಳಿದ್ದಿಲ್ಲ."

ಆಕೆ ಥಾಲಿಗೆ ಮೊಳೆಯಿಟ್ಟು ಕಲ್ಲಿನಿಂದ ಕುಟ್ಟಿದರು. ನನ್ನ ಬಾಯಿ ಸಿಗದ್ದರಿಂದ ಚಿಪ್ಪಿನ ಸಂದಿಗೇ ಅಷ್ಟನ್ನೂ ಸುರಿದರು. ಹೋಗುವವರನ್ನು ಕಳಿಸಿಕೊಡುವ ನೀರು ಅದು. ನನಗೇನು ಗೊತ್ತು? ಮಳೆ ಬಂತೆಂದು ಬಲಗಾಲು ಚಾಚಿದೆ.

ಮತ್ತೊಂದು ಕಡ್ಡಿ ಗೀರಿ ನಿಂತಿದ್ದ ರಾಯರ ಬೆರಳಿಗೆ ಬೆಂಕಿ ತಾಗಿತು.

"ನಾ ನೋಡಿದಾಗ ಸತ್ತಿತ್ತು," ಎಂದರು.

ಈಗ ನನ್ನ ವಾಸ ಹಿತ್ತಲ ಕಲ್ಲುಬಾನಿಯಲ್ಲಿ. ಪಕ್ಕದ ಕಟ್ಟೆಯ ಮೇಲೆ ಬಿಸಿಲು ಕಾಯಲು ಕುಳಿತ ಚಂಪೂಬಾಯಿ ಗಂಟೆಗಟ್ಟಲೆ ಅಲುಗುವುದಿಲ್ಲ. ರಾಯರು ಧೋತರದ ಮರೆಯಲ್ಲಿ ಕನ್ನಡಿ ಹಿಡಿದು ಬರುತ್ತಾರೆ, ನಿಂತು ನೋಡುತ್ತಾರೆ, ಕನ್ನಡಿ ಹೊರಗೆ ತೆಗೆಯದೆಯೇ ಹೋಗುತ್ತಾರೆ. ಒಂದು ದಿನ ಆಕೆ ಕಣ್ಣು ಮುಚ್ಚಿಕೊಂಡೇ ಅಂದರು: "ಅವಸರ ಮಾಡಬ್ಯಾಡೋ ವೆಂಕೂ. ಥಾಲಿ ಅಂತೂ ಖಾಲಿ ಆಗೇದ. ನನ್ನ ಪಾಳಿ ಬಂದಾಗ ಈ ಬಾನೀ ನೀರು ಬಿಡು. ಎದ್ದರೂ ಎದ್ದೇನು."

ಅಂದಿನಿಂದ ನಾನು ಒಂದು ಹುಳುವನ್ನೂ ಉಳಿಸಿಲ್ಲ. ಬಾನಿಯ ನೀರು ತಳ ಕಾಣುವಷ್ಟು ತಿಳಿಯಾಗಿದೆ.