ಇನ್ನೊಬ್ಬಳ ತಟ್ಟೆ

ಅಂಚಿನಲ್ಲಿ ಬಳ್ಳಿ ಕೆತ್ತಿದ ಒಂದು ಕಂಚಿನ ತಟ್ಟೆ. ಅದರಲ್ಲಿ ತೊವ್ವೆ, ತುಪ್ಪ ಹಾಕಿ ಕೈಯಾರೆ ಕಲಸಿದ ಬಿಸಿ ಅನ್ನ, ಪಕ್ಕದಲ್ಲಿ ಮುರಿದಿಟ್ಟ ಹಪ್ಪಳ. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಕೋಣೆಗೆ ಒಯ್ದು, ಖಾಲಿ ಮಣೆಯ ಮುಂದಿಟ್ಟು, ಬಾಗಿಲು ಮುಚ್ಚಿ ಬರುತ್ತಿದ್ದಳು. ಅರ್ಧ ಗಂಟೆ ಬಿಟ್ಟು ತೆರೆದರೆ ತಟ್ಟೆ ಬರಿದಾಗಿರುತ್ತಿತ್ತು. ನನ್ನ ಬಾಲ್ಯವನ್ನು ನೆನೆದಾಗ ಮೊದಲು ಕಣ್ಣಿಗೆ ಕಟ್ಟುವುದು ಆ ತಟ್ಟೆಯೇ.

ಅದು ದಮಯಂತಿಯ ತಟ್ಟೆ. ದಮಯಂತಿ ಎಂದರೆ ನಾನು. ಆದರೆ ನಾನು ಹೇಳಹೊರಟಿರುವ ಎಂಟು ತಿಂಗಳಲ್ಲಿ ಆ ಹೆಸರೂ ನನ್ನದಾಗಿರಲಿಲ್ಲ, ಆ ಊಟವೂ ನನ್ನದಾಗಿರಲಿಲ್ಲ.

ನನ್ನ ತಾಯಿ ಭಾಗೀರಥಮ್ಮ ಹೊಲಿಗೆಯಿಂದ ಸಂಸಾರ ನಡೆಸುತ್ತಿದ್ದವಳು. ಅಪ್ಪ ನನಗೆ ನೆನಪಿಲ್ಲದಷ್ಟು ಹಿಂದೆಯೇ ತೀರಿಕೊಂಡಿದ್ದರು. ಇದ್ದವರು ನಾವಿಬ್ಬರೇ. ನಾನು ಶಾಲೆಯಿಂದ ಬರುವುದು ಐದು ನಿಮಿಷ ತಡವಾದರೂ ಅವಳು ಬೀದಿಯ ಕೊನೆಗೆ ಬಂದು ನಿಂತಿರುತ್ತಿದ್ದಳು. "ಎಲ್ಲಿ ಹಾಳಾಗಿ ಹೋಗಿದ್ದೆ ದಮ್ಮಿ?" ಎಂದು ಬೈಯುತ್ತಲೇ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು. ಅಂಥ ಪ್ರೀತಿಯಲ್ಲಿ ಬೆಳೆದವಳು ನಾನು. ಮುಂದೆ ನಡೆದದ್ದು ಆ ಪ್ರೀತಿ ಇಲ್ಲದ್ದರಿಂದ ನಡೆದದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಹತ್ತನೆಯ ವಯಸ್ಸಿನಲ್ಲಿ ನನಗೆ ವಿಷಮಶೀತ ಜ್ವರ ಬಂತು. ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನ ಮಲಗಿದ್ದೆ. ಬದುಕುವುದಿಲ್ಲ ಎಂದು ಒಂದು ದಿನ ಎಲ್ಲರೂ ಕೈಬಿಟ್ಟಿದ್ದರಂತೆ. ಕೊನೆಗೆ ಗುಣವಾಗಿ, ಜಟಕಾ ಗಾಡಿಯಲ್ಲಿ ಮನೆಗೆ ಬಂದು ಇಳಿದೆ. ಅಮ್ಮ ಮುಂದೆ ಹೋಗಿ ಬೀಗ ತೆಗೆದಳು. ಹೊಸ್ತಿಲ ಒಳಗೆ ನಿಂತು, ನನ್ನ ಕಡೆ ತಿರುಗಿ, ಮೆಲ್ಲಗೆ, "ಬನ್ನಿ, ಒಳಗೆ ಬನ್ನಿ," ಎಂದಳು.

ಬೇರೆ ಯಾರೋ ಬಂದಿದ್ದಾರೆ ಎಂದುಕೊಂಡು ನಾನು ಹಿಂದೆ ತಿರುಗಿ ನೋಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಅಮ್ಮ ನನ್ನನ್ನು ಏಕವಚನದಲ್ಲಿ ಕರೆಯಲಿಲ್ಲ. ಹೆಸರು ಹಿಡಿದೂ ಕರೆಯಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. "ಸ್ನಾನಕ್ಕೆ ನೀರಿಟ್ಟಿದೀನಿ, ಏಳ್ತೀರಾ?" "ದೀಪ ಹಚ್ಚೋ ಹೊತ್ತು, ಸ್ವಲ್ಪ ಆಚೆ ಕೂತ್ಕೊಳ್ಳಿ." ದೂರದ ಊರಿನಿಂದ ಬಂದು, ಹೋಗುವ ದಿನ ಹೇಳದ ನೆಂಟರೊಡನೆ ಮಾತಾಡುವ ಹಾಗೆ ಅವಳು ನನ್ನೊಡನೆ ಮಾತಾಡುತ್ತಿದ್ದಳು. ನನ್ನ ಹಾಸಿಗೆ ಹಜಾರಕ್ಕೆ ಬಂತು. ನನಗೆ ಉಪ್ಪಿಲ್ಲದ ಗಂಜಿ. ಬಳ್ಳಿ ಕೆತ್ತನೆಯ ನನ್ನ ತಟ್ಟೆ ದೇವರ ಕೋಣೆ ಸೇರಿತು.

ಊರಂಚಿನಲ್ಲಿ ಸುಣ್ಣದ ಮನೆ ಎಂದು ಒಂದಿತ್ತು. ಅಲ್ಲಿ ಒಬ್ಬ ಹೆಂಗಸು ನೆಲೆಸಿ, ಹತ್ತು ಹನ್ನೆರಡು ಮಂದಿ ಹೆಂಗಸರನ್ನು ಸೇರಿಸಿಕೊಂಡು ಜಪ, ಉಪವಾಸ ಮಾಡಿಸುತ್ತಿದ್ದಳು. ಎಲ್ಲರೂ ಅವಳನ್ನು 'ತಾಯಿಯವರು' ಎನ್ನುತ್ತಿದ್ದರು. ನನ್ನ ಜ್ವರದ ದಿನಗಳಲ್ಲಿ ಅಮ್ಮ ಅವರಲ್ಲಿ ಒಬ್ಬಳಾಗಿದ್ದಳು. ಶುಕ್ರವಾರ ಶುಕ್ರವಾರ ಅವರೆಲ್ಲ ನಮ್ಮ ಮನೆಗೂ ಬರುತ್ತಿದ್ದರು. ಬಿಳಿ ಸೀರೆಯುಟ್ಟು ಸುತ್ತಲೂ ಕೂತು ನನ್ನನ್ನು ನೋಡುತ್ತಿದ್ದರು. ತಾಯಿಯವರು ನನ್ನ ಗಲ್ಲ ಹಿಡಿದೆತ್ತಿ, ಬಹಳ ಕರುಣೆಯಿಂದ ಹೇಳುತ್ತಿದ್ದರು: "ಇದು ಸಿಪ್ಪೆ. ಹಣ್ಣು ದೇವರ ಹತ್ತಿರ ಇದೆ. ಇದಕ್ಕೆ ಉಪ್ಪು ಹಾಕಬೇಡ ಭಾಗೀರಥಿ, ಮನೆಯಲ್ಲಿ ಬೇರು ಬಿಟ್ಟೀತು."

ಆ ಮಾತನ್ನು ಎಂಟು ತಿಂಗಳು ಕೇಳಿದ ಮಗು ಏನಾಗುತ್ತದೆ ಎಂದು ಈಗ ಯಾರಾದರೂ ಕೇಳಿದರೆ ನಾನು ಇಷ್ಟೇ ಹೇಳಬಲ್ಲೆ: ಅದು ನಂಬುತ್ತದೆ. ಒಂದು ಮಧ್ಯಾಹ್ನ ಮುಚ್ಚಿದ ಬಾಗಿಲ ಹಿಂದೆ ಅಮ್ಮ ನಗುವುದು ಕೇಳಿಸಿತು. "ಇನ್ನೊಂದು ತುತ್ತು ಕಣೇ ದಮ್ಮಿ," ಎಂದಳು. ಅದಕ್ಕೆ ಒಂದು ಹುಡುಗಿಯ ಧ್ವನಿ, "ಸಾಕಮ್ಮಾ, ಹೊಟ್ಟೆ ತುಂಬ್ತು," ಎಂದು ರಾಗವಾಗಿ ಉತ್ತರಿಸಿತು. ಅದು ನನ್ನದೇ ಧ್ವನಿ. ನಾನು ಹೊರಗೆ ಕಂಬಕ್ಕೆ ಒರಗಿ ನಿಂತಿದ್ದೆ, ನನ್ನ ತುಟಿ ಅಲುಗಿರಲಿಲ್ಲ. ಒಳಗೆ ಅಮ್ಮನೇ ಎರಡೂ ಧ್ವನಿಯಲ್ಲಿ ಮಾತಾಡುತ್ತಿದ್ದಾಳೆ ಎಂದು ಹೊಳೆಯಲು ನನಗೆ ಬಹಳ ದಿನ ಬೇಕಾಯಿತು. ಅಷ್ಟರಲ್ಲಿ ಒಳಗಿನವಳು ನಿಜ, ನಾನು ಸುಳ್ಳು ಎಂಬುದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು.

ಎಂಟನೆಯ ತಿಂಗಳಲ್ಲಿ ಅಮ್ಮ ಹೊಸ ಲಂಗ ಹೊಲಿಯಲು ಕೂತಳು. ಹಸಿರು ಬಟ್ಟೆ, ಕೆಂಪು ಅಂಚು. ಅಳತೆಯ ಟೇಪು ಹಿಡಿದು ನನ್ನ ಬಳಿ ಬಂದಳು.

"ಸ್ವಲ್ಪ ನಿಂತ್ಕೊಳ್ತೀರಾ? ಅವಳಿಗೆ ಲಂಗ ಹೊಲೀಬೇಕು. ನಿಮ್ಮ ಅಳತೆಯೇ ಅವಳಿಗೂ ಆಗತ್ತೆ."

"ಅವಳು ಬರ್ತಾಳಾ?" ಎಂದೆ.

"ಹುಣ್ಣಿಮೆ ದಿನ ಬರ್ತಾಳೆ." ಅಮ್ಮನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಬೆಳಕು ಕಂಡಿತು. "ಸುಣ್ಣದ ಮನೆಯ ಹಿಂದೆ ಮೆಟ್ಟಿಲ ಬಾವಿ ಇದೆಯಲ್ಲ. ಬಂದವಳು ನೀರಿಗಿಳಿದರೆ ಹೋದವಳು ನೀರಿಂದ ಎದ್ದು ಬರ್ತಾಳೆ ಅಂತ ತಾಯಿಯವರು ಹೇಳಿದ್ದಾರೆ. ನೀವು ಹೆದರಬಾರದು. ನೀವೂ ನಿಮ್ಮ ಮನೆಗೆ ಹೋಗಿ ಸೇರ್ತೀರಿ."

ಟೇಪು ನನ್ನ ಸೊಂಟ ಸುತ್ತಿತು. ಅವಳ ಬೆರಳು ನನ್ನನ್ನು ಮುಟ್ಟಿದ್ದು ಎಷ್ಟು ಹಿತವಾಗಿತ್ತೆಂದರೆ ನಾನು ಉಸಿರು ಬಿಗಿಹಿಡಿದು ನಿಂತೆ. ನನಗೆ ಭಯವಾಗಲಿಲ್ಲ. ಇಂದಿಗೂ ನನ್ನನ್ನು ನಡುಗಿಸುವುದು ಅದೇ. ಅಮ್ಮನಿಗೆ ಅವಳ ಮಗಳು ಸಿಗುವುದಾದರೆ ಬಾವಿಗೆ ಇಳಿಯಲು ನಾನು ಸಿದ್ಧಳಿದ್ದೆ. ಒಂದೇ ಒಂದು ಅನುಮಾನ ಉಳಿದಿತ್ತು. ಅದನ್ನು ಯಾರನ್ನು ಕೇಳಬೇಕೆಂದು ನನಗೆ ಗೊತ್ತಿತ್ತು.

ಹುಣ್ಣಿಮೆಗೆ ಎರಡು ದಿನ ಇರುವಾಗ, ಬೆಳಿಗ್ಗೆ, ನಾನು ಯಾರಿಗೂ ಹೇಳದೆ ಆಸ್ಪತ್ರೆಗೆ ನಡೆದೆ. ನನ್ನ ಶುಶ್ರೂಷೆ ಮಾಡಿದ್ದ ನರ್ಸ್ ಚನ್ನಾಜಮ್ಮ ಡ್ಯೂಟಿ ಕೋಣೆಯಲ್ಲಿ ಬ್ಯಾಂಡೇಜು ಸುತ್ತುತ್ತಾ ಕೂತಿದ್ದರು. ದಪ್ಪ ಮೈ, ಒರಟು ಗಂಟಲು, ಹಣೆಯಲ್ಲಿ ಅಗಲವಾದ ವಿಭೂತಿ. ಬಾಗಿಲಲ್ಲಿ ನಿಂತೇ ಕೇಳಿದೆ:

"ನರ್ಸಮ್ಮಾ, ನಾನು ಸತ್ತಿದ್ದೆನಾ?"

ಅವರು ನಗಲಿಲ್ಲ. ಅವರು ನಗದೆ ಇದ್ದದ್ದಕ್ಕೆ ನಾನು ಬದುಕಿರುವವರೆಗೂ ಋಣಿ. ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಟ್ಟು, "ಯಾವತ್ತು ಸತ್ತೆ ಅಂತೆ?" ಎಂದು ಕೇಳಿದರು.

"ಮಂಗಳವಾರ. ಜ್ವರ ತಲೆಗೇರಿದ ದಿನ."

ಅವರು ಎದ್ದು, ಬೀರುವಿನಿಂದ ವಾರ್ಡಿನ ಹಳೆಯ ರಿಜಿಸ್ಟರು ತೆಗೆದು, ಪುಟ ಹುಡುಕಿ, ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಓದಿದರು. "ಹನ್ನೆರಡು ಗಂಟೆ, ಜ್ವರ ನೂರಾ ಐದು, ನಾಡಿ ನೂರಾ ನಲವತ್ತು. ಒಂದು ಗಂಟೆ, ಮೈಗೆಲ್ಲ ಒದ್ದೆ ಬಟ್ಟೆ. ಎರಡು ಗಂಟೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ, ತಾಯಿ ಎದ್ದು ಹೊರಗೆ ಹೋದರು. ಮೂರು ಗಂಟೆ, ನಾಡಿ ಕ್ಷೀಣ, ತಾಯಿ ಬಂದಿಲ್ಲ. ನಾಲ್ಕು ಗಂಟೆ, ಬೆವರು, ಮಗು ನೀರು ಕೇಳಿತು. ಐದು ಗಂಟೆ, ಜ್ವರ ನೂರಾ ಒಂದು, ತಾಯಿ ಬಂದರು." ಬೆರಳನ್ನು ಸಾಲಿನಿಂದ ಸಾಲಿಗೆ ಜಾರಿಸಿ ತೋರಿಸಿದರು. "ಇದೆಲ್ಲ ನನ್ನ ಕೈಬರಹ. ನಿನ್ನ ಕೈ ಬಿಟ್ಟು ನಾನು ಎದ್ದೇ ಇರಲಿಲ್ಲ. ಒಂದು ಗಂಟೆಯಾದರೂ ಖಾಲಿ ಇದೆಯಾ ನೋಡು."

"ಇಲ್ಲ."

"ಮತ್ತೆ ಸಾಯೋಕೆ ನಿನಗೆ ಪುರುಸೊತ್ತೆಲ್ಲಿತ್ತು?"

ನಾನು ಅಳತೊಡಗಿದೆ. ಅಳುತ್ತಲೇ ಗಂಜಿ, ಲಂಗ, ಬಾವಿ ಎಲ್ಲವನ್ನೂ ಹೇಳಿದೆ. ಬಾವಿಯ ಮಾತಿಗೆ ಅವರ ಮುಖ ಕಪ್ಪಿಟ್ಟಿತು. ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು ಹೊರಟೇಬಿಟ್ಟರು.

ನಾವು ಮನೆ ಸೇರುವಾಗ ಮಧ್ಯಾಹ್ನ ಕಳೆದಿತ್ತು. ಅಮ್ಮ ಹಜಾರದಲ್ಲಿ ಕೂತು ಹಸಿರು ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಹೊಲಿಗೆಯ ಗಡಿಬಿಡಿಯಲ್ಲಿ ಅವಳು ದೇವರ ಕೋಣೆಯ ಬಾಗಿಲು ಇನ್ನೂ ತೆರೆದಿರಲಿಲ್ಲ.

"ಭಾಗೀರಥಮ್ಮ, ಆ ಮಂಗಳವಾರ ಎರಡು ಗಂಟೆಯಿಂದ ಐದರವರೆಗೆ ಎಲ್ಲಿಗೆ ಹೋಗಿದ್ರಿ?" ಎಂದರು ಚನ್ನಾಜಮ್ಮ.

ಸೂಜಿ ನಿಂತಿತು. ಅಮ್ಮ ತಲೆ ತಗ್ಗಿಸಿ ಲಂಗದ ಅಂಚನ್ನು ಬೆರಳಲ್ಲಿ ಸವರಿದಳು.

"ನೋಡೋಕಾಗಲಿಲ್ಲ ನರ್ಸಮ್ಮ," ಎಂದಳು. "ಅವಳ ಕಣ್ಣು ಬೆಳ್ಳಗಾಗಿಬಿಟ್ಟಿತ್ತು. ಹೆತ್ತವಳು ನಾನು, ಬಿಟ್ಟು ಓಡಿಬಿಟ್ಟೆ. ಸುಣ್ಣದ ಮನೆಗೆ ಹೋಗಿ ತಾಯಿಯವರ ಕಾಲು ಹಿಡಿದು, ಅವಳನ್ನ ದೇವರಿಗೇ ಕೊಟ್ಟೆ, ಜೀವ ಒಂದು ಉಳಿಸಿ ಅಂದೆ. ವಾಪಸ್ಸು ಬಂದರೆ ಕಣ್ಣು ಬಿಟ್ಟಿದ್ದಳು. ನನ್ನನ್ನ ನೋಡಿ, ನೀವು ಯಾರು ಅಂದಳು. ನನ್ನ ಮಗಳು ನನ್ನನ್ನ ನೀವು ಅಂತಾಳಾ? ಅವಳು ಅವತ್ತೇ ಹೋದಳು. ನಾನು ಕೊಟ್ಟುಬಿಟ್ಟಿದ್ದೆನಲ್ಲ."

ನಾನು ಹಾಗೆ ಕೇಳಿದ್ದು ನನಗೆ ನೆನಪಿರಲಿಲ್ಲ. ಎಂಟು ತಿಂಗಳ ಆ ಬಹುವಚನ ಎಲ್ಲಿಂದ ಹುಟ್ಟಿತು ಎಂಬುದು ನನಗೆ ತಿಳಿದದ್ದು ಆಗಲೇ.

"ಜ್ವರ ಇಳಿಯುವಾಗ ಮಕ್ಕಳಿಗೆ ಗುರುತು ಹತ್ತೋದಿಲ್ಲ," ಎಂದರು ಚನ್ನಾಜಮ್ಮ. "ನನ್ನನ್ನ ಬಳೆಗಾರ್ತಿ ಅಂದಳು. ಡಾಕ್ಟರಿಗೆ ಎಮ್ಮೆ ಕಟ್ಟಿ ಹಾಕೋಕೆ ಹೇಳಿದಳು. ನೀವು ಓಡಿಹೋದದ್ದಕ್ಕೆ ಯಾರೂ ನಿಮಗೆ ಶಿಕ್ಷೆ ಕೊಟ್ಟಿಲ್ಲ ತಾಯಿ. ನೀವೇ ಕೊಟ್ಕೊಳ್ತಿದ್ದೀರಿ, ಈ ಮಗುವಿಗೂ ಕೊಡ್ತಿದ್ದೀರಿ. ದೇವರಿಗೆ ದೀಪ ನಾನೂ ಹಚ್ತೀನಿ, ಆದರೆ ಯಾವ ದೇವರೂ ಮಗುವನ್ನ ಬಾವಿಗಿಳಿಸು ಅನ್ನಲ್ಲ."

ಅಮ್ಮ ತಟ್ಟನೆ ತಲೆ ಎತ್ತಿದಳು. ಅವಳ ಕಣ್ಣಿನಲ್ಲಿ ಗೆದ್ದವಳ ಹೊಳಪಿತ್ತು. "ಹಾಗಾದರೆ ಒಳಗೆ ದಿನಾ ಊಟ ಮಾಡೋಳು ಯಾರು? ಅದನ್ನ ಹೇಳಿ!"

ರಿಜಿಸ್ಟರಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರ ನನ್ನಲ್ಲಿತ್ತು. ಅದನ್ನು ಚನ್ನಾಜಮ್ಮನವರಿಗೂ ಹೇಳಿರಲಿಲ್ಲ.

"ನಾನು," ಎಂದೆ.

ಹಿತ್ತಿಲ ಕಡೆಯ ಕಿಟಕಿಯ ಒಂದು ಮರದ ಸರಳು ಸಡಿಲವಾಗಿತ್ತು. ಬಾಗಿಲು ಮುಚ್ಚಿ ಬಂದ ಮೇಲೆ ಅಮ್ಮ ಹಜಾರದಲ್ಲಿ ಕಣ್ಣು ಮುಚ್ಚಿ ಜಪಕ್ಕೆ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಕಿಟಕಿಯಲ್ಲಿ ತೂರಿ, ಮಣೆಯ ಮೇಲೆ ಕೂತು, ಸದ್ದಿಲ್ಲದೆ ಉಂಡು ಬರುತ್ತಿದ್ದೆ. ಅಮ್ಮ ಒಳಗೇ ಕೂತ ದಿನ ತುತ್ತನ್ನು ಬಾಯ್ಮಾತಿನಲ್ಲೇ ತಿನ್ನಿಸಿ ಎದ್ದು ಬರುತ್ತಿದ್ದಳು, ತಟ್ಟೆ ಹಾಗೇ ಇರುತ್ತಿತ್ತು, ಅಂದೂ ನಾನೇ ಹೋಗಿ ಉಣ್ಣುತ್ತಿದ್ದೆ. ಹಸಿವು ಒಂದು ಕಾರಣ. ಅಮ್ಮ ನನಗೆಂದು ಕಲಸಿದ ಅನ್ನ ತಿನ್ನಲು ನನಗೆ ಬೇರೆ ದಾರಿ ಇರಲಿಲ್ಲ ಎಂಬುದು ದೊಡ್ಡ ಕಾರಣ. ಅಲ್ಲಿ ಕೂತಷ್ಟು ಹೊತ್ತು ನಾನು ದಮಯಂತಿಯಾಗಿರುತ್ತಿದ್ದೆ. ನಾನು ಖಾಲಿ ಮಾಡಿದ ತಟ್ಟೆಯೇ ಅವಳಿದ್ದಾಳೆ ಎನ್ನುವುದಕ್ಕೆ ಅಮ್ಮನ ಸಾಕ್ಷಿಯಾಗಿತ್ತು.

"ಇವತ್ತು ನಾನು ಆಸ್ಪತ್ರೆಗೆ ಹೋಗಿದ್ದೆ ಅಮ್ಮ," ಎಂದೆ. "ನೋಡು."

ಅಮ್ಮ ಎದ್ದು ಹೋಗಿ ಬಾಗಿಲು ತೆರೆದಳು. ತಟ್ಟೆ ತುಂಬಿತ್ತು. ತುಪ್ಪ ಹೆಪ್ಪುಗಟ್ಟಿತ್ತು. ಹಪ್ಪಳದ ಮೇಲೆ ಇರುವೆ ಸಾಲು ಹಿಡಿದಿತ್ತು. ಅವಳು ಹೊಸ್ತಿಲಲ್ಲಿ ನಿಂತು ಅದನ್ನೇ ನೋಡಿದಳು. ಅಳುತ್ತಾಳೆ, ಓಡಿಬಂದು ತಬ್ಬುತ್ತಾಳೆ ಎಂದು ನಾನು ಕಾದೆ. ಅವಳು ಹಾಗೆ ಮಾಡಲಿಲ್ಲ. ಹಿಂದಿರುಗಿ ಬಂದು, ಮುಗಿಯದ ಲಂಗವನ್ನು ಮಡಚಿ, ಚನ್ನಾಜಮ್ಮನವರ ಕೈಗೆ ಕೊಟ್ಟಳು.

"ಇವರನ್ನ ಕರ್ಕೊಂಡು ಹೋಗಿ ನರ್ಸಮ್ಮ. ಈಗಲೇ ಹೋಗಿ. ನಾಳಿದ್ದು ಹುಣ್ಣಿಮೆ. ಅವರೆಲ್ಲ ಬಂದು ಕರೆದರೆ ಬೇಡ ಅನ್ನೋ ಶಕ್ತಿ ನನಗಿಲ್ಲ. ನನ್ನ ಕೈಗೆ ಸಿಗದ ಹಾಗೆ ಇಟ್ಕೊಳ್ಳಿ."

ನನ್ನನ್ನು ಉಳಿಸಿದವರು ಯಾರು ಎಂದು ಕೇಳಿದವರಿಗೆ ನಾನು ಚನ್ನಾಜಮ್ಮನವರ ಹೆಸರು ಹೇಳುತ್ತೇನೆ. ಅದು ನಿಜ. ಆದರೆ ಆ ಮಧ್ಯಾಹ್ನ, ನಾನು ತನ್ನ ಮಗಳು ಎಂದು ಇನ್ನೂ ನಂಬಲಾರದೆಯೇ ಅಮ್ಮ ನನ್ನನ್ನು ತನ್ನಿಂದ ಕಾಪಾಡಿದಳು. ತಾಯ್ತನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇದೆಯೋ ಇಲ್ಲವೋ ನನಗೆ ತಿಳಿಯದು.

ಹುಣ್ಣಿಮೆಯ ದಿನ ಅವರು ಬಂದರು. ಅಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು ಉಸಿರೆತ್ತದೆ ಕೂತಿದ್ದಳಂತೆ. ಚನ್ನಾಜಮ್ಮ ಡಾಕ್ಟರಿಗೆ ಹೇಳಿ, ಡಾಕ್ಟರು ಊರಿನ ಹಿರಿಯರಿಗೆ ಹೇಳಿ, ಮಾತು ಬೆಳೆಯಿತು. ತಾಯಿಯವರು ಒಂದು ವಾರದೊಳಗೆ ಊರು ಬಿಟ್ಟರು. ಮೆಟ್ಟಿಲ ಬಾವಿಗೆ ಬೇಲಿ ಬಿತ್ತು.

ನಾನು ಮೂರು ವರ್ಷ ಚನ್ನಾಜಮ್ಮನವರ ಕ್ವಾರ್ಟರ್ಸಿನಲ್ಲಿ ಬೆಳೆದೆ. ಅಮ್ಮ ಆಸ್ಪತ್ರೆಗೆ ಬಂದು ಔಷಧಿ ತೆಗೆದುಕೊಂಡು ಹೋಗುತ್ತಿದ್ದಳು. ಪ್ರತಿ ಭಾನುವಾರ ಗೇಟಿನ ಹೊರಗೆ ನಿಂತು, "ಚೆನ್ನಾಗಿದ್ದೀರಾ?" ಎಂದು ಕೇಳುತ್ತಿದ್ದಳು. "ಚೆನ್ನಾಗಿದೀನಮ್ಮ" ಎನ್ನುತ್ತಿದ್ದೆ. ಅಷ್ಟೇ ಮಾತು. ಚನ್ನಾಜಮ್ಮ ಒಂದು ಸಲವೂ, "ಒಳಗೆ ಬನ್ನಿ" ಎಂದು ಒತ್ತಾಯಿಸಲಿಲ್ಲ, "ಬರಬೇಡಿ" ಎಂದೂ ಅನ್ನಲಿಲ್ಲ. ಗೇಟಿನ ಬಳಿ ಒಂದು ಸ್ಟೂಲು ಮಾತ್ರ ಹಾಕಿಸಿದ್ದರು. ಮೂರನೆಯ ವರ್ಷದ ಒಂದು ಭಾನುವಾರ ನಾನು ತಲೆ ಬಾಚದೆ ಓಡಿಹೋಗಿ ನಿಂತೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಸಿಡುಕಿದಳು: "ಏನೇ ಇದು ತಲೆ, ಕಾಗೆ ಗೂಡು! ಬಾ ಇಲ್ಲಿ, ಬಾಚಣಿಗೆ ತಗೊಂಡು ಬಾ."

ನಾನು ಬಾಚಣಿಗೆ ತರಲು ಒಳಗೆ ಹೋದವಳು ಬಚ್ಚಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ. "ತಡ ಮಾಡಬೇಡ, ಕಾಯ್ತಿದ್ದಾಳೆ," ಎಂದು ಚನ್ನಾಜಮ್ಮ ಬಾಗಿಲು ಬಡಿದರು. ಆ ವರ್ಷದ ಕೊನೆಗೆ ನಾನು ಅಮ್ಮನ ಮನೆಗೆ ಮರಳಿದೆ.

ನನಗೆ ಹದಿನೆಂಟು ತುಂಬಿದ ವರ್ಷ ಚನ್ನಾಜಮ್ಮನವರು ನಿವೃತ್ತರಾಗಿ ತಮ್ಮನ ಊರಿಗೆ ಹೊರಟರು. ಬಸ್ ನಿಲ್ದಾಣಕ್ಕೆ ನಾನೂ ಅಮ್ಮನೂ ಹೋದೆವು. ಅವರು ಕಿಟಕಿಯ ಪಕ್ಕ ಕೂತರು. ಅಮ್ಮನಿಗೆ ಹೇಳಬೇಕಾದ್ದು ಬಹಳ ಇತ್ತು. ಆದರೆ ಅವಳು ಕಿಟಕಿಯ ಕಂಬಿ ಹಿಡಿದು, "ನೀರಿನ ಬಾಟಲಿ ಇಟ್ಕೊಂಡ್ರಾ? ದಾರೀಲಿ ಇಳೀಬೇಡಿ," ಎಂದು ಅದನ್ನೇ ಎರಡು ಮೂರು ಸಲ ಹೇಳಿದಳು. ಚನ್ನಾಜಮ್ಮ ಆ ಕೈಯ ಮೇಲೆ ತಮ್ಮ ಕೈಯಿಟ್ಟು, "ಹೂಂ, ಹೂಂ" ಎನ್ನುತ್ತಿದ್ದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ಅಮ್ಮ ಕೈ ಬಿಡದೆ ಅದರ ಜೊತೆಗೇ ಐದಾರು ಹೆಜ್ಜೆ ನಡೆದಳು, ಆಮೇಲೆ ಬಿಟ್ಟಳು. ಬಸ್ಸು ತಿರುವಿನಲ್ಲಿ ಮರೆಯಾಯಿತು, ಧೂಳು ಇಳಿಯಿತು. ಅಮ್ಮನ ಕೈ ಇನ್ನೂ ಕಿಟಕಿಯ ಎತ್ತರದಲ್ಲೇ ಇತ್ತು.