ಆರನೆಯ ಕುಳಿ

ಗಾಲ್ಫ್ ಕಂಡುಹಿಡಿದವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ ಎಂಬುದರಲ್ಲಿ ಹಸ್ನೈನನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಚೆಂಡು ಪಾಪ ಸುಮ್ಮನೆ ನೆಲದ ಮೇಲೆ ಕೂತಿರುತ್ತದೆ. ಯಾರೂ ಕಸಿಯಲು ಬರುವುದಿಲ್ಲ, ಯಾರೂ ಅಡ್ಡ ನಿಲ್ಲುವುದಿಲ್ಲ. ಆದರೂ ಹೊಡೆಯುವ ಮಹಾಶಯ ಸೊಂಟ ಕುಣಿಸಿ, ಗಾಳಿ ನೋಡಿ, ಕೆಮ್ಮಿದವರನ್ನು ದುರುಗುಟ್ಟಿಕೊಂಡು ನೋಡಿ, ಕೊನೆಗೆ ಹುಲ್ಲಿಗೆ ಹೊಡೆಯುತ್ತಾನೆ. ಹಾಕಿಯಲ್ಲಿ ಇಷ್ಟು ಹೊತ್ತು ತೆಗೆದುಕೊಂಡರೆ ಎದುರಾಳಿ ಗೋಲು ಹೊಡೆದು, ಮನೆಗೆ ಹೋಗಿ, ಊಟವನ್ನೂ ಮುಗಿಸಿರುತ್ತಾನೆ.

ಹೀಗೆಲ್ಲ ಮೂಗು ಮುರಿಯುತ್ತಿದ್ದರೂ ಮೇ ತಿಂಗಳ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಅವನು ಭದ್ರಾವತಿಯ ಗಾಲ್ಫ್ ಮೈದಾನದಲ್ಲಿ ಹಾಜರಿರುತ್ತಿದ್ದ. ಕಾರಣ ವಿಷ್ಣುಪ್ರಸಾದ ಸರ್. ಶಿವಮೊಗ್ಗದ ಅವರ ಕಾಲೇಜಿನಲ್ಲಿ ಹಾಕಿ ತಂಡ ಆರಿಸುವವರು ಅವರೇ. ಹಾಕಿ ಸೀಸನ್ ಮಾರ್ಚಿಗೆ ಮುಗಿದರೆ ಮತ್ತೆ ಶುರುವಾಗುವುದು ಆಗಸ್ಟಿಗೆ. ನಡುವೆ ಸರ್‌ಗೆ ಗಾಲ್ಫಿನ ಹುಚ್ಚು. ಮೇನಲ್ಲಿ ಅವರ ಜೊತೆ ಗಾಲ್ಫ್ ಆಡಿದವರೇ ಆಗಸ್ಟಿನಲ್ಲಿ ಹಾಕಿ ಆಡುತ್ತಾರೆಂದು ಕಾಲೇಜಿನ ಕ್ಯಾಂಟೀನಿನವನಿಗೂ ಗೊತ್ತಿತ್ತು.

ಈ ಸಲವಂತೂ ವಿಶ್ವವಿದ್ಯಾಲಯ ತಂಡದ ಆಯ್ಕೆ ಕ್ಯಾಂಪಿಗೆ ಕಾಲೇಜಿನಿಂದ ಒಬ್ಬನೇ ಗೋಲ್‌ಕೀಪರ್‌ನ ಹೆಸರು ಹೋಗಬೇಕಿತ್ತು. ಸೋಮವಾರ ಕಡೆಯ ದಿನ. ತಂಡದ ಮೊದಲ ಕೀಪರ್ ಹಸ್ನೈನನಿಗೆ ಇದು ಕೊನೆಯ ವರ್ಷ. ವಿಶ್ವವಿದ್ಯಾಲಯದ ಜೆರ್ಸಿ ಒಮ್ಮೆ ಮೈಮೇಲೆ ಬಿದ್ದರೆ ಪೊಲೀಸ್ ಇಲಾಖೆಯ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕಬಹುದು. ಬೀಳದಿದ್ದರೆ ಜನ್ನಾಪುರದಲ್ಲಿ ಅಪ್ಪ ಅಬ್ದುಲ್ ವಹಾಬರ ಗ್ಯಾರೇಜಿದೆ, ಜೀವನಪೂರ್ತಿ ಲಾರಿಗಳ ಕೆಳಗೆ ಅಂಗಾತ ಮಲಗಬಹುದು.

ಎದುರಿಗಿದ್ದ ಸ್ಪರ್ಧಿ ಅತುಲ್, ಸವಳಂಗ ರಸ್ತೆಯ ದಂತವೈದ್ಯರ ಮಗ, ತಂಡದ ಎರಡನೇ ಗೋಲ್‌ಕೀಪರ್. ಹಸ್ನೈನನ ಪ್ರಕಾರ ಅವನು ಕೀಪರೇ ಅಲ್ಲ, ಗೇಟ್‌ಮ್ಯಾನ್. ದಾವಣಗೆರೆಯ ಪಂದ್ಯದಲ್ಲಿ ಬಂದ ನಾಲ್ಕೂ ಚೆಂಡುಗಳನ್ನು ಮರ್ಯಾದೆಯಿಂದ ಒಳಗೆ ಬಿಟ್ಟಿದ್ದ. ಗಾಲ್ಫಿಗೆ ಅವನು ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟು, ಎಡಗೈಗೆ ಮಾತ್ರ ಬಿಳಿ ಗ್ಲೌಸ್ ಹಾಕಿಕೊಂಡು ಬರುತ್ತಿದ್ದ.

"ಇನ್ನೊಂದು ಗ್ಲೌಸ್ ನಾಯಿ ಹೊತ್ಕೊಂಡು ಹೋಯ್ತಾ?" ಎಂದು ಹಸ್ನೈನ್ ಕೇಳಿದರೆ ಅತುಲ್ ಪೆಚ್ಚಾಗಿ ನಗುತ್ತಿದ್ದ. ತಿರುಗಿ ಒಂದು ಮಾತು ಆಡಲೂ ಬಾರದ ಪ್ರಾಣಿ.

ಮೂರನೆಯವನು ಆಕರ್ಷ, ತಂಡದ ಫಾರ್ವರ್ಡ್. ಅವನ ಪ್ರತಿಭೆಯೆಲ್ಲ ಬಕೆಟ್ ಹಿಡಿಯುವುದರಲ್ಲಿತ್ತು. ಸರ್ ಹೊಡೆದ ಚೆಂಡು ಲಂಟಾನದ ಪೊದೆಗೆ ಬಿದ್ದರೂ "ಏನ್ ಪವರ್ ಸಾರ್!" ಎನ್ನುತ್ತಿದ್ದ. ಸರ್‌ನ ಚೀಲ ಹೊರುವವನೂ ಅವನೇ. ಅವನನ್ನು ಕಂಡರೆ ಹಸ್ನೈನನಿಗೆ ಹೇಸಿಗೆ. ತಾನು ಮಾತ್ರ ಯಾರಿಗೂ ಸಲಾಮು ಹೊಡೆದವನಲ್ಲ. ವಾರಕ್ಕೊಂದು ಕ್ಯಾನ್ ಸುಟ್ಟ ಆಯಿಲನ್ನು ಗ್ಯಾರೇಜಿನಿಂದ ತಂದು ಕೊಡುತ್ತಿದ್ದುದು ನಿಜ, ಆದರೆ ಅದು ಮೈದಾನದ ಸೇವೆ.

ಆಯಿಲ್ ಬೇಕಾಗಿದ್ದಕ್ಕೆ ಕಾರಣವಿತ್ತು. ಮುಚ್ಚಿಹೋದ ಕಾರ್ಖಾನೆಯೊಂದರ ಅಧಿಕಾರಿಗಳು ಹಿಂದೆಂದೋ ಮಾಡಿಸಿದ ಮೈದಾನ ಅದು. ಚೆಂಡು ಬೀಳಿಸಬೇಕಾದ ಒಂಬತ್ತು ಕುಳಿಗಳಲ್ಲಿ ಆರು ಉಳಿದಿದ್ದವು, ಮಿಕ್ಕ ಜಾಗ ಎಮ್ಮೆಗಳ ಪಾಲಾಗಿತ್ತು. ಕುಳಿಯ ಸುತ್ತ ಹುಲ್ಲು ಬೆಳೆಸಲು ನೀರಿಲ್ಲ. ಹಾಗಾಗಿ ಮರಳಿಗೆ ಸುಟ್ಟ ಆಯಿಲ್ ಕಲಸಿ, ತಟ್ಟಿ, ಸಗಣಿ ಸಾರಿಸಿದ ಅಂಗಳದಂತೆ ನುಣುಪು ಮಾಡುತ್ತಿದ್ದರು. ಚೆಂಡು ಉರುಳಿದರೆ ಅದರ ಮೇಲೆ ಗೆರೆ ಮೂಡುತ್ತದೆ. ಆಟ ಮುಗಿಸಿದವರು ಹಲಗೆ ಕಟ್ಟಿದ ಕೋಲಿನಿಂದ ಮರಳನ್ನು ಎಳೆದು ಸಮ ಮಾಡಿಯೇ ಹೋಗಬೇಕು. ಅದು ಅಲ್ಲಿನ ರಿವಾಜು.

ಆ ಭಾನುವಾರ ಸರ್ ವಿಪರೀತ ಚೆನ್ನಾಗಿ ಆಡಿದರು, ಅಂದರೆ ಒಂದು ಚೆಂಡನ್ನೂ ಕಳೆಯಲಿಲ್ಲ. ಕೊನೆಯದಾದ ಆರನೆಯ ಕುಳಿಯನ್ನು ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕೆಂಬುದು ಅವರ ಹನ್ನೊಂದು ವರ್ಷದ ಕನಸು. ಮೂರು ಹೊಡೆತಕ್ಕೆ ಚೆಂಡು ಮರಳಿನ ಅಂಚಿಗೆ ಬಂದು ಕೂತಿತ್ತು. ಕುಳಿ ಹನ್ನೆರಡು ಹೆಜ್ಜೆ ದೂರ.

"ಹಸ್ನೈನ್, ಬಾವುಟ ಹಿಡ್ಕೊಂಡು ಪಕ್ಕಕ್ಕೆ ನಿಲ್ಲು. ಅಲ್ಲಾಡ್ಬೇಡ," ಎಂದರು ಸರ್.

ಹಸ್ನೈನ್ ಗುರುತಿಗೆಂದು ಕುಳಿಯಲ್ಲಿ ನೆಟ್ಟಿದ್ದ ಬಾವುಟ ಕಿತ್ತು ಪಕ್ಕದಲ್ಲಿ ನಿಂತ. ಸರ್ ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು. ಕೊಕ್ಕರೆ ಕೂಡ ಮೀನಿಗಾಗಿ ಇಷ್ಟು ನಾಟಕ ಮಾಡುವುದಿಲ್ಲ. ಕೊನೆಗೂ ಹೊಡೆದರು. ಚೆಂಡು ಮರಳಿನ ಮೇಲೆ ಸರ್ರನೆ ಅವನತ್ತ ಬಂತು.

ಒಂಬತ್ತು ವರ್ಷದಿಂದ ತನ್ನತ್ತ ಬಂದ ಚೆಂಡನ್ನು ತಡೆಯುವುದೊಂದನ್ನೇ ಕಲಿತ ಕಾಲು ಅದು. ಯಾರನ್ನೂ ಕೇಳಲಿಲ್ಲ. ಛಕ್ಕನೆ ಮುಂದೆ ಚಾಚಿ, ಕುಳಿಗೆ ಎರಡಡಿ ಇರುವಾಗಲೇ ಚೆಂಡನ್ನು ಒದ್ದು ಪಕ್ಕಕ್ಕೆ ಕಳಿಸಿತು.

ಸರ್ ಮುಖ ಇಂಗಳದಂತೆ ಕೆಂಪಾಯಿತು. "ಒಳಗೆ ಹೋಗ್ತಿತ್ತು! ಹನ್ನೊಂದು ವರ್ಷ ಕಣೋ! ಹೋಗ್ತಿತ್ತಲ್ವೇನೋ ಆಕರ್ಷ?"

"ನೂರಕ್ಕೆ ನೂರು ಸಾರ್! ಸೀದಾ ಒಳಗೆ!" ಎಂದ ಆಕರ್ಷ. ಅವನು ನಿಂತ ಜಾಗದಿಂದ ಕುಳಿ ಕಾಣಿಸುತ್ತಲೇ ಇರಲಿಲ್ಲ.

"ನೀನೇನಂತೀಯ ಅತುಲ್?"

ಅತುಲ್ ಗ್ಲೌಸ್ ಬಿಚ್ಚುತ್ತಾ ಹತ್ತಿರ ಬಂದ. ಮರಳಿನ ಮೇಲೆ ಗೆರೆ ಸ್ಪಷ್ಟವಾಗಿತ್ತು. ಹಸ್ನೈನನ ಬೂಟಿನವರೆಗೆ ನೇರವಾಗಿ ಬಂದು ನಿಂತಿತ್ತು. ಅದನ್ನು ಹಾಗೇ ಮುಂದಕ್ಕೆ ಎಳೆದರೆ ಕುಳಿಯಿಂದ ಒಂದು ಗೇಣು ಎಡಕ್ಕೆ ಹೋಗುತ್ತಿತ್ತು.

"ಇಲ್ಲ ಸರ್, ಹೊರಗೆ ಹೋಗ್ತಿತ್ತು," ಎಂದ ಅತುಲ್. "ಗೆರೆ ನೋಡಿ ಸರ್, ಹಸ್ನೈನ್ ತಡೀದೇ ಇದ್ರೂ ಬೀಳ್ತಿರ್ಲಿಲ್ಲ. ಅವ್ನ್ದೇನೂ ತಪ್ಪಿಲ್ಲ."

ಹಸ್ನೈನ್ ಬೆಪ್ಪಾದ. ಈ ಗೇಟ್‌ಮ್ಯಾನ್ ತನ್ನ ಪರವಾಗಿ ಮಾತಾಡುತ್ತಿದ್ದಾನೆ! ಸುಮ್ಮನಿದ್ದಿದ್ದರೆ ಕ್ಯಾಂಪಿನ ಸೀಟು ತಾನಾಗಿ ಅವನ ಮಡಿಲಿಗೆ ಬೀಳುತ್ತಿತ್ತು. ಸರ್ ಅತುಲ್‌ನನ್ನು ಸುಡುವಂತೆ ನೋಡಿದರು. ಆಮೇಲೆ ಹಸ್ನೈನನ ಕಡೆ ತಿರುಗಿದರು. ಗೆರೆ ನೋಡಲು ಅವರು ಇನ್ನೂ ಹತ್ತಿರ ಬಂದಿರಲಿಲ್ಲ.

"ನೀನು ಪಕ್ಕದಲ್ಲೇ ಇದ್ದೆ. ನೀನ್ ಹೇಳು."

ಹಸ್ನೈನನಿಗೆ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ಕಾಲಿನ ಹಾಗೆ ನಾಲಿಗೆ ತಾನಾಗಿ ಚಾಚಿಕೊಳ್ಳಲಿಲ್ಲ. ಅವನು ಬಾವುಟ ಕೆಳಗಿಟ್ಟು ಹಲಗೆಕೋಲು ಎತ್ತಿಕೊಂಡ. ರಿವಾಜಿನ ಪ್ರಕಾರವೇ ಎಂಬಂತೆ ಮರಳನ್ನು ಅತ್ತಿಂದಿತ್ತ ಎರಡು ಸಲ ಎಳೆದ. ಗೆರೆ ಹೋಯಿತು.

"ಒಳಗೇ ಇತ್ತು ಸರ್," ಎಂದ. "ನಡುಮಧ್ಯಕ್ಕೆ. ನಂದೇ ತಪ್ಪು ಸರ್, ಮಾಫ್ ಮಾಡಿ."

ಸರ್ ಮುಖ ಅರಳಿತು. "ನೋಡಿ! ಕೀಪರ್ ಕಣ್ಣು ಅಂದ್ರೆ ಇದು! ಆಕರ್ಷ, ನಾಲ್ಕು ಅಂತ ಬರ್ಕೋ." ಹಸ್ನೈನನ ಬೆನ್ನು ತಟ್ಟಿದರು. "ತಪ್ಪು ಒಪ್ಕೊಳೋನೇ ಸ್ಪೋರ್ಟ್ಸ್‌ಮನ್. ಕ್ಯಾಂಪಿಗೆ ನಿನ್ ಹೆಸರೇ ಹೋಗುತ್ತೆ."

ಸರ್ ಮತ್ತು ಚೀಲ ಹೊತ್ತ ಆಕರ್ಷ ಕಾರಿನ ಕಡೆ ನಡೆದರು. ಹಸ್ನೈನ್ ಹಲಗೆಕೋಲು ಹಿಡಿದು ನಿಂತೇ ಇದ್ದ. ಅತುಲ್ ಏನಾದರೂ ಅನ್ನಲಿ ಎಂದು ಕಾಯುತ್ತಿದ್ದ. ಒಂದು ಬೈಗುಳ ಬಂದರೂ ಸಾಕಿತ್ತು. ದಾವಣಗೆರೆಯ ನಾಲ್ಕು ಗೋಲು ಎತ್ತಿ ಆಡಿ ಬಾಯಿ ಮುಚ್ಚಿಸಬಹುದಿತ್ತು.

ಅತುಲ್ ಸಮವಾದ ಮರಳನ್ನು ಒಂದು ಗಳಿಗೆ ನೋಡಿದ. "ನಿನ್ ಕೀಪಿಂಗ್ ಪ್ಯಾಡ್‌ದು ಪಟ್ಟಿ ಹರಿದೋಗಿದೆಯಲ್ಲ ಮಾರಾಯ," ಎಂದ. "ಕ್ಯಾಂಪಿಗೆ ನಂದು ತಗೊಂಡೋಗು. ಹೊಸದಿದೆ."

ಆ ಮಾತಿನಲ್ಲಿ ಕೊಂಕು ಹುಡುಕಿದ ಹಸ್ನೈನ್. ಎಷ್ಟು ಹುಡುಕಿದರೂ ಸಿಗಲಿಲ್ಲ. ಬೇಡ, ನಿನ್ನ ಭಿಕ್ಷೆ ಯಾರಿಗೆ ಬೇಕು ಎನ್ನಬೇಕೆಂದು ಬಾಯಿ ತೆರೆದ.

"ಯಾವತ್ತು ಬಂದು ತಗೊಳ್ಲಿ?" ಎಂದು ಕೇಳಿದ.